ಕಂಪನಿ ಗೇಟಿನ ಹೋಟೆಲುಗಳು

ಬೆಂಗಳೂರಿನ ಹೊರವಲಯದಲ್ಲಿ ಹೊಸದಾಗಿ ಬಾಗಿಲು ತೆರೆಯುವ, ಇಲ್ಲವೇ ಹಳೆಯ ಕಟ್ಟಡಕ್ಕೆ ಹೊಸ ಹೆಸರಿಟ್ಟು ಮತ್ತೆ ತೆರೆಯುವ ಸ್ಟಾರ್ ಹೋಟೆಲುಗಳ ಬಗ್ಗೆ ಬರುವ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು. ಎಷ್ಟು ರೂಮು, ಎಷ್ಟು ರೆಸ್ಟೋರೆಂಟು, ಮಹಡಿಯ ಮೇಲೆ ಈಜುಕೊಳ ಇದೆಯೋ ಇಲ್ಲವೋ, ಬಫೆಯಲ್ಲಿ ಏನೇನು ಬಗೆ. ಹೋಟೆಲಿನ ಒಳಗೆ ಕೂತು ಹೋಟೆಲನ್ನು ಅಳೆಯುವ ಈ ರೂಢಿಯಲ್ಲಿ ಮುಖ್ಯವಾದ ಒಂದು ಪ್ರಶ್ನೆ ಕೇಳದೆ ಉಳಿದುಬಿಡುತ್ತದೆ. ಆ ಪ್ರದೇಶಕ್ಕೆ ಬಂದಿಳಿಯುವವರು ಯಾರು, ಅವರ ಪೈಕಿ ಯಾರಿಗೆ ಅಲ್ಲಿ ಜಾಗವಿದೆ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ಕಡೆಯ ಹೋಟೆಲುಗಳನ್ನು ಈ ಪ್ರಶ್ನೆ ಹಿಡಿದುಕೊಂಡು ನೋಡಿದರೆ, ನವೀಕರಣ ಎಂಬುದು ಅಷ್ಟು ನಿರುಪದ್ರವಿ ಕೆಲಸವಾಗಿ ಕಾಣುವುದಿಲ್ಲ. ದೊಡ್ಡ ಸರಪಳಿಗಳ ಹೋಟೆಲುಗಳಲ್ಲಿ ಪ್ರತಿ ನವೀಕರಣವೂ ಹೋಟೆಲನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತಿದೆ. ಅದು ಬಿಟ್ಟುಹೋದ ಮೆಟ್ಟಿಲಿನಲ್ಲಿ ಹೊಸದಾಗಿ ಕಟ್ಟುವವರು ತೀರಾ ಕಡಿಮೆ.

ವೈಟ್‌ಫೀಲ್ಡಿಗೆ ತಂಗುವ ಮನೆ ಹೊಸದಲ್ಲ. 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಶುರುವಾದ ಊರಿನಲ್ಲಿ, ಈಗಿನ ಇನ್ನರ್ ಸರ್ಕಲ್ಲಿನ ಬಳಿ, ವೇವರ್ಲಿ ಇನ್ ಎಂಬ ಹೆಂಚಿನ ಮನೆ ಪ್ರಯಾಣಿಕರಿಗೆ ಜಾಗ ಕೊಡುತ್ತಿತ್ತು. ಚರ್ಚಿಲ್ ಅಲ್ಲಿಗೆ ಬರುತ್ತಿದ್ದ ಎಂಬ ಮಾತನ್ನು ಊರಿನವರು ಇವತ್ತಿಗೂ ಹೇಳುತ್ತಾರೆ, ಹೇಳಲಿ. ನಮ್ಮ ಕಥೆಗೆ ಬೇಕಾದ ವರ್ಷ 1994. ಭಾರತ ಮತ್ತು ಸಿಂಗಪುರದ ಜಂಟಿ ಯೋಜನೆಯಾಗಿ ಟೆಕ್ ಪಾರ್ಕಿನ ಮಾತುಕತೆ ಆ ವರ್ಷ ಗಟ್ಟಿಯಾಯಿತು, ಐಟಿಪಿಎಲ್ ಬಂತು, ಅದರ ಬೆನ್ನಿಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮಾಡಿದ ಇಪಿಐಪಿ ಕೈಗಾರಿಕಾ ಬಡಾವಣೆ ತುಂಬಿತು. ಹತ್ತು ವರ್ಷದ ನಂತರ, 2004ರ ಜೂನಿನಲ್ಲಿ, ಇದೇ ವೈಟ್‌ಫೀಲ್ಡಿನಲ್ಲಿ ಟಾಟಾ ಸಮೂಹ ಇಂಡಿಒನ್ ಎಂಬ ಹೋಟೆಲು ತೆರೆಯಿತು. ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ಅವರ ಸಲಹೆಯ ನೆರಳಿನಲ್ಲಿ ಬೆಳೆದ ಯೋಜನೆ ಅದು. ದಿನದ ಬಾಡಿಗೆ ಸಾವಿರ ರೂಪಾಯಿಯ ಆಸುಪಾಸು. ಚೊಕ್ಕ ಹಾಸಿಗೆ, ಬಿಸಿನೀರು, ಟಿವಿ, ಚಿಕ್ಕದೊಂದು ಮೇಜು, ಬ್ಯಾಗನ್ನು ತಾವೇ ಎತ್ತಿಕೊಂಡು ಹೋಗುವ ಏರ್ಪಾಡು. ರೂಮ್ ಸರ್ವಿಸಿನ ಆಡಂಬರವನ್ನು ಕೈಬಿಟ್ಟು ಆ ದುಡ್ಡನ್ನು ಶುಚಿತ್ವಕ್ಕೂ ಸುರಕ್ಷತೆಗೂ ಹಾಕಿದ ಲೆಕ್ಕಾಚಾರ. ಮುಂದೆ ಜಿಂಜರ್ ಎಂಬ ಹೆಸರಿನಲ್ಲಿ ದೇಶವೆಲ್ಲ ಹರಡಿದ ಸರಪಳಿಯ ಮೊದಲ ಕೊಂಡಿ ಇದು. ಬೆಂಗಳೂರಿನ ಹೊರವಲಯ ಹೋಟೆಲ್ ಉದ್ಯಮಕ್ಕೆ ಕೊಟ್ಟ ಒಂದೇ ಒಂದು ಹೊಸ ಯೋಚನೆ ಯಾವುದು ಎಂದರೆ ಇದನ್ನೇ ಹೇಳಬೇಕು.

ಆಮೇಲೆ ಆದದ್ದನ್ನು ನೋಡಿ. ಜಿಂಜರ್ 2018ರಲ್ಲಿ ತನ್ನ ವರಸೆ ಬದಲಿಸಿತು. ಹಳೆಯ ಸ್ಮಾರ್ಟ್ ಬೇಸಿಕ್ಸ್ ಮಾತು ಹೋಗಿ ಲೀನ್ ಲಕ್ಸ್ ಎಂಬ ಮಾತು ಬಂತು. ಸರಳತೆಯ ಜಾಗದಲ್ಲಿ ತೆಳ್ಳಗಿನ ಐಷಾರಾಮ. ಫ್ರಾನ್ಸಿನ ಅಕೋರ್ ಸಂಸ್ಥೆಯ ಅಗ್ಗದ ಬ್ರ್ಯಾಂಡ್ ಫಾರ್ಮ್ಯೂಲ್ ಒನ್ ಕೂಡ ವೈಟ್‌ಫೀಲ್ಡಿಗೆ ಬಂದಿತ್ತು. ಆ ಸರಪಳಿಯನ್ನು ಸಮ್ಹಿ ಹೋಟೆಲ್ಸ್ ಕೊಂಡಿತು, 2017ರ ಒಪ್ಪಂದದ ನಂತರ ಅದು ಹಾಲಿಡೇ ಇನ್ ಎಕ್ಸ್‌ಪ್ರೆಸ್ ಆಯಿತು. ಅದೇ ಸಮ್ಹಿ 2024ರಲ್ಲಿ ವೈಟ್‌ಫೀಲ್ಡಿನ ಟ್ರಿನಿಟಿ ಹೋಟೆಲಿನ ಒಡೆತನ ಪಡೆದು, ಅದನ್ನು ವಿಸ್ತರಿಸಿ ಮ್ಯಾರಿಯಟ್ ಸಮೂಹದ ಮೇಲ್ದರ್ಜೆಯ ಹೆಸರಿನಡಿ ತರುವ ಯೋಜನೆ ಹೇಳಿತು. ಪೀಣ್ಯದ ಕಡೆಗೆ ಬಂದರೆ, ತುಮಕೂರು ರಸ್ತೆಯಲ್ಲಿ 2012ರಲ್ಲಿ ವಿವಾಂತ ಎಂಬ ಹೆಸರಿನಲ್ಲಿ ತೆರೆದ ಹೋಟೆಲು ಈಗ ತಾಜ್ ಯಶವಂತಪುರ. ಕಟ್ಟಡ ಅಲ್ಲೇ ಇದೆ, ರಸ್ತೆ ಅದೇ, ಬೋರ್ಡು ಮಾತ್ರ ಬಡ್ತಿ ಪಡೆದಿದೆ. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ತೆಗೆದುಕೊಂಡರೆ ತಪ್ಪು ಹುಡುಕುವುದು ಕಷ್ಟ. ಮಾಲೀಕನ ಮಟ್ಟಿಗೆ ಎಲ್ಲವೂ ಜಾಣ ನಿರ್ಧಾರಗಳೇ. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ದಿಕ್ಕು ಕಾಣುತ್ತದೆ.

ರೂಮಿನ ಒಳಗೆ ಈ ಬಡ್ತಿ ಹೇಗಿರುತ್ತದೆ? ಕಾರ್ಪೆಟ್ ಎದ್ದುಹೋಗಿ ಮರದಂತೆ ಕಾಣುವ ನೆಲಹಾಸು ಬರುತ್ತದೆ. ಇದು ಒಳ್ಳೆಯ ಬದಲಾವಣೆ, ಬೆಂಗಳೂರಿನ ಮಳೆಗಾಲದಲ್ಲಿ ಕಾರ್ಪೆಟ್ಟಿನ ಮುಗ್ಗಲು ವಾಸನೆ ಸಹಿಸಿದವರಿಗೆ ಗೊತ್ತು. ಮಂಚದ ಎರಡೂ ಬದಿಗೆ ಚಾರ್ಜಿಂಗ್ ಪ್ಲಗ್ಗು, ಅದೂ ಸರಿ. ಬೀರುವಿನ ಬಾಗಿಲು ಮಾಯವಾಗಿ ಎರಡು ಕೋಲು, ನಾಲ್ಕು ಹ್ಯಾಂಗರು ಉಳಿಯುತ್ತವೆ. ಬಚ್ಚಲಿಗೂ ಮಲಗುವ ಜಾಗಕ್ಕೂ ನಡುವೆ ಗಾಜಿನ ಗೋಡೆ. ಬಕೆಟ್ಟು, ಮಗ್ಗು ಬೇಕೆಂದರೆ ಫೋನ್ ಮಾಡಿ ಕೇಳಬೇಕು. ಒಬ್ಬನೇ ಬಂದು, ಎರಡು ರಾತ್ರಿ ಕಳೆದು, ಬಿಲ್ಲನ್ನು ಕಂಪನಿಗೆ ಕಳಿಸಿ ಹೋಗುವ ಅತಿಥಿಯನ್ನು ಕಣ್ಣಮುಂದೆ ಇಟ್ಟುಕೊಂಡು ಗೆರೆ ಎಳೆದ ರೂಮು ಇದು. ಮಗನ ಮನೆ ಗೃಹಪ್ರವೇಶಕ್ಕೆ ಹಾವೇರಿಯಿಂದ ಬಂದ ಅಪ್ಪ, ಅಮ್ಮ, ಸೋದರತ್ತೆಗೆ ಆ ಗಾಜಿನ ಗೋಡೆಯೇ ದೊಡ್ಡ ಇಕ್ಕಟ್ಟು. ಅವರನ್ನು ಯಾರೂ ಬೇಡವೆಂದಿಲ್ಲ, ನಿಜ. ಅವರನ್ನು ಯಾರೂ ನೆನೆಸಿಕೊಂಡಿಲ್ಲ ಎಂಬುದೂ ಅಷ್ಟೇ ನಿಜ.

ಕಟ್ಟಡಗಳ ಮಾತಿಗೆ ಬಂದಾಗ ನ್ಯಾಯವಾಗಿರಬೇಕು. ಐಟಿಪಿಎಲ್ ಬಳಿ 2009ರಲ್ಲಿ ತೆರೆದ ವಿವಾಂತ, ಸಿಂಗಪುರದ ವಾವ್ ಆರ್ಕಿಟೆಕ್ಟ್ಸ್ ವಿನ್ಯಾಸ ಮಾಡಿದ್ದು, ಈ ಇಡೀ ಪಟ್ಟಿಯಲ್ಲಿ ಇವತ್ತಿಗೂ ಕಣ್ಣು ನಿಲ್ಲಿಸುವ ಹೋಟೆಲು. ನೆಲ ತಾನೇ ಮಡಚಿಕೊಂಡು ಹುಲ್ಲುಹಾಸಾಗಿ ಮೇಲೇರಿ ಕಟ್ಟಡವನ್ನು ಸುತ್ತುವ ಕಲ್ಪನೆ ಅದರದು. ಅಕ್ಕಪಕ್ಕದ ಗಾಜಿನ ಡಬ್ಬಗಳ ನಡುವೆ, ಇಲ್ಲೊಂದು ಊರಿತ್ತು, ಇದರ ಕೆಳಗೆ ಮಣ್ಣಿತ್ತು ಎಂಬುದನ್ನು ಅಷ್ಟಾದರೂ ಒಪ್ಪಿಕೊಂಡ ವಿನ್ಯಾಸ. ಆದರೆ ಹುಲ್ಲುಹಾಸು ಏರುವುದು ಒಳಗಿನವರಿಗೆ. ರಸ್ತೆಯ ಕಡೆಗೆ ಇರುವುದು ಗೇಟು. 2008ರ ನವೆಂಬರಿನ ಮುಂಬೈ ದಾಳಿಯ ನಂತರ ದೇಶದ ದೊಡ್ಡ ಹೋಟೆಲುಗಳೆಲ್ಲ ಕಾರಿನಡಿ ಕನ್ನಡಿ ಹಿಡಿಯುವ, ಬ್ಯಾಗು ಸ್ಕ್ಯಾನ್ ಮಾಡುವ ಕೋಟೆಗಳಾದವು, ಅದಕ್ಕೆ ಕಾರಣವೂ ಇತ್ತು. ಭದ್ರತೆಯ ಹೆಸರಿನಲ್ಲಿ ಸದ್ದಿಲ್ಲದೆ ಹೋದದ್ದು ನಡೆದು ಬರುವವರ ದಾರಿ. ಹೊರವಲಯದ ಬಹುಪಾಲು ಸ್ಟಾರ್ ಹೋಟೆಲುಗಳಿಗೆ ಕಾಲ್ನಡಿಗೆಯವರು ಕಾರು ಏರುವ ಇಳಿಜಾರಿನ ಅಂಚಿನಲ್ಲೇ ಹೋಗಬೇಕು. ಕಾರಿಲ್ಲದ ಅತಿಥಿಯನ್ನು ನಕ್ಷೆಯೇ ಊಹಿಸಿಕೊಂಡಿಲ್ಲ. ಇದಕ್ಕೆ ಬೇರು ಒಡೆತನದಲ್ಲಿದೆ. 2018ರಲ್ಲಿ ತೆರೆದ ಶೆರಟಾನ್ ಗ್ರ್ಯಾಂಡ್ ಇರುವುದು ಪ್ರೆಸ್ಟೀಜ್ ಸಂಸ್ಥೆಯ ಶಾಂತಿನಿಕೇತನದಲ್ಲಿ. ಅಪಾರ್ಟ್‌ಮೆಂಟು, ಆಫೀಸು, ಮಾಲು, ಹೋಟೆಲು ಎಲ್ಲವೂ ಒಂದೇ ನಕ್ಷೆಯ ಕೂಸುಗಳು. ಇಪಿಐಪಿಯ ಮ್ಯಾರಿಯಟ್ ಇರುವುದು ರಹೇಜಾ ಬಳಗದ ಚಾಲೆಟ್ ಹೋಟೆಲ್ಸ್ ಕೈಯಲ್ಲಿ. ಇಲ್ಲಿ ಹೋಟೆಲೆಂದರೆ ಆಫೀಸು ಕಟ್ಟಡವನ್ನು ಬಾಡಿಗೆಗೆ ಕೊಡುವಾಗ ಜೊತೆಗೆ ತೋರಿಸುವ ಸೌಲಭ್ಯ. ಅದು ಗೇಟಿಗೆ ಮುಖ ಮಾಡಿ ರಸ್ತೆಗೆ ಬೆನ್ನು ಹಾಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಬರುವವರ ಕಡೆ ತಿರುಗೋಣ. ವೈಟ್‌ಫೀಲ್ಡಿನಲ್ಲಿ 2001ರಿಂದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದೆ, ಹೃದಯ ಮತ್ತು ಮಿದುಳಿನ ಚಿಕಿತ್ಸೆ ಅಲ್ಲಿ ಉಚಿತ. ಮೆಟ್ರೋದಲ್ಲಿ ಆ ಹೆಸರಿನದೇ ನಿಲ್ದಾಣವಿದೆ, ಅದರ ಪಕ್ಕದ ನಿಲ್ದಾಣ ಐಟಿಪಿಎಲ್ ಎದುರಿನ ಪಟ್ಟಂದೂರು ಅಗ್ರಹಾರ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ. ಪಶ್ಚಿಮ ಬಂಗಾಳದಿಂದ, ಬಾಂಗ್ಲಾದೇಶದಿಂದ ರೋಗಿಗಳು ಅಲ್ಲಿಗೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಆಸ್ಪತ್ರೆಯ ಸುತ್ತಿನ ಗಲ್ಲಿಗಳಲ್ಲಿ ಕಟ್ಟಿಕೊಂಡಿರುವ ಲಾಡ್ಜು, ಗೆಸ್ಟ್ ಹೌಸುಗಳನ್ನು ಯಾವ ವಾಸ್ತುಶಿಲ್ಪಿಯೂ ಬರೆದದ್ದಲ್ಲ. ಆದರೂ ಅಲ್ಲಿ ಬಂಗಾಳಿಯಲ್ಲಿ ಬೋರ್ಡು ಇದೆ, ಮೀನು ಅನ್ನ ಸಿಗುತ್ತದೆ, ವಾರಗಟ್ಟಲೆ ಉಳಿಯುವವರಿಗೆ ರೂಮಿನಲ್ಲೇ ಗ್ಯಾಸ್ ಒಲೆ ಇಟ್ಟುಕೊಳ್ಳುವ ಅನುಕೂಲ ಇದೆ. ಆಪರೇಷನ್ ಆದವರಿಗೆ ಉಪ್ಪು ಖಾರ ಕಡಿಮೆ ಹಾಕಿ ಗಂಜಿ ಮಾಡಿಕೊಡಬೇಕಾದ ಮನೆಯವರಿಗೆ ಆ ಒಲೆಗಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ. ಅತಿಥಿ ಯಾರು, ಅವರಿಗೆ ಏನು ಬೇಕು ಎಂದು ನೋಡಿ ಹೋಟೆಲು ನಡೆಸುವುದೇ ಕಸುಬು ಎನ್ನುವುದಾದರೆ, ಬೊಮ್ಮಸಂದ್ರದ ಗೆಸ್ಟ್ ಹೌಸಿನವರು ಆ ಕಸುಬನ್ನು ಎಲೆಕ್ಟ್ರಾನಿಕ್ ಸಿಟಿ ಫೇಸ್ ಒನ್‌ನ ಸ್ಟಾರ್ ಹೋಟೆಲಿಗಿಂತ ಚೆನ್ನಾಗಿ ಅರಿತಿದ್ದಾರೆ. ಅವರಲ್ಲಿ ಇಲ್ಲದಿರುವುದು ಗಾಳಿ ಬೆಳಕು, ಅಗಲವಾದ ಮೆಟ್ಟಿಲು, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ. ಬಂಡವಾಳ ಇರುವವರು ಕೊಡಬಹುದಾಗಿದ್ದದ್ದು ಇವನ್ನೇ.

ಪೀಣ್ಯದಲ್ಲಿ ವಿಷಯ ಇನ್ನೂ ಸ್ಪಷ್ಟ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಎಂದು ಹೇಳಿಕೊಳ್ಳುವ ಜಾಗ, ಸಾವಿರಾರು ಸಣ್ಣ ವರ್ಕ್‌ಶಾಪುಗಳು. ರಾಜಕೋಟ್‌ನಿಂದಲೋ ಕೊಯಮತ್ತೂರಿನಿಂದಲೋ ಸಿಎನ್‌ಸಿ ಮೆಷಿನ್ ಕೂರಿಸಲು ಬರುವ ಸರ್ವಿಸ್ ಇಂಜಿನಿಯರಿಗೆ ಕಂಪನಿ ಕೊಡುವ ದಿನಭತ್ಯೆಯಲ್ಲಿ ತಾಜ್ ಯಶವಂತಪುರದ ಒಂದು ಊಟವೂ ಆಗುವುದಿಲ್ಲ. ಅವನು ಉಳಿಯುವುದು ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಕಡೆಯ ಲಾಡ್ಜಿನಲ್ಲಿ. ಬಿಸಿನೀರು ಬೆಳಿಗ್ಗೆ ಇಂತಿಷ್ಟು ಗಂಟೆಗೆ ಮಾತ್ರ ಎಂಬ ಚೀಟಿ ಅಂಟಿಸಿದ ರೂಮು, ಕೆಳಗೆ ಬಾರು, ಮುಂದೆ ಫ್ಲೈಓವರಿನ ಸದ್ದು. ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಮೆಷಿನ್ ಟೂಲ್ ಮೇಳ ನಡೆಯುವ ವಾರವಂತೂ ಆ ಲಾಡ್ಜೂ ದುಬಾರಿ.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ ಸರಳ. ಹೋಟೆಲು ಧರ್ಮಛತ್ರವಲ್ಲ, ವ್ಯಾಪಾರ. ವೈಟ್‌ಫೀಲ್ಡಿನ ಜಮೀನಿನ ಬೆಲೆಗೆ ಸಾವಿರದ ರೂಮು ಗಿಟ್ಟುವುದಿಲ್ಲ. ಈ ಮಾತಿನಲ್ಲಿ ತೂಕವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಇಪಿಐಪಿಯ ನೆಲ ಮಾರುಕಟ್ಟೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ರೈತರ ಜಮೀನನ್ನು ಸರ್ಕಾರಿ ಮಂಡಳಿ ಸ್ವಾಧೀನ ಮಾಡಿಕೊಂಡು, ರಸ್ತೆ ಚರಂಡಿ ಹಾಕಿ, ಕೈಗಾರಿಕೆಯ ಹೆಸರಿನಲ್ಲಿ ಹಂಚಿದ್ದು. ಎಲೆಕ್ಟ್ರಾನಿಕ್ ಸಿಟಿಯೂ ಹಾಗೆಯೇ, ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಶುರುಮಾಡಿದ್ದು. ಸಾರ್ವಜನಿಕ ಕಾರಣಕ್ಕೆ ಪಡೆದ ನೆಲದ ಮೇಲೆ ನಿಂತ ಹೋಟೆಲಿಗೆ ಸಾರ್ವಜನಿಕರ ಪರವಾಗಿ ಒಂದು ಪ್ರಶ್ನೆ ಕೇಳುವುದು ಅತಿಯಲ್ಲ. ಜೊತೆಗೆ, ವಾರದ ಲೆಕ್ಕವೂ ಈ ಹೋಟೆಲುಗಳ ಪರವಾಗಿಲ್ಲ. ಮಂಗಳವಾರದಿಂದ ಗುರುವಾರ ದರ ಏರುತ್ತದೆ, ಶನಿವಾರ ರೂಮು ಖಾಲಿ ಹೊಡೆಯುತ್ತದೆ. ಒಂದೇ ಬಗೆಯ ಅತಿಥಿಯನ್ನು ನಂಬಿದವರಿಗೆ ಇದು ತಪ್ಪಿದ್ದಲ್ಲ. 2020ರಲ್ಲಿ ಕಂಪನಿಗಳು ಕೆಲಸವನ್ನು ಮನೆಗೆ ಕಳಿಸಿದಾಗ ಈ ಪಟ್ಟಿಯ ಹೋಟೆಲುಗಳು ಎಷ್ಟು ಬೇಗ ಬಣಗುಟ್ಟಿದವು ಎಂಬುದನ್ನು ಉದ್ಯಮ ಇಷ್ಟರಲ್ಲೇ ಮರೆತಿರಬಾರದು.

ಎರಡನೆಯ ಆಕ್ಷೇಪ, ಅಗ್ಗದ ಮೆಟ್ಟಿಲನ್ನು ಓಯೋದಂಥವರು ತುಂಬಿದ್ದಾರಲ್ಲ ಎಂಬುದು. ಆ್ಯಪ್ ಕಂಪನಿಗಳು ಮಾಡಿದ್ದು ಇದ್ದ ಮನೆಗೆ ಕೆಂಪು ಬೋರ್ಡು ಹಾಕಿ, ಇದ್ದ ಹಾಸಿಗೆಗೆ ಬಿಳಿ ಬೆಡ್‌ಶೀಟು ಹೊದಿಸಿದ ಕೆಲಸ. ಅದರಿಂದ ರೂಮು ಹುಡುಕುವುದು ಸುಲಭವಾಯಿತು, ಅದನ್ನು ಒಪ್ಪೋಣ. ಹೊಸ ಕಟ್ಟಡ, ತಾಲೀಮಾದ ಸಿಬ್ಬಂದಿ, ಮಧ್ಯರಾತ್ರಿ ಬಂದ ಒಂಟಿ ಹೆಂಗಸಿಗೆ ಭರವಸೆ ಇವು ಬೋರ್ಡಿನಿಂದ ಬರುವಂಥವಲ್ಲ. ತೆರಿಗೆಯೂ ಈ ನಡುವಿನ ಮೆಟ್ಟಿಲಿಗೆ ಮಿತ್ರನಾಗಿಲ್ಲ. ಸಾವಿರ ರೂಪಾಯಿವರೆಗಿನ ರೂಮಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಂದು ಹೋಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗೆ ಎಲ್ಲಕ್ಕೂ ಶೇ. 5 ಎಂದಾಗಿದೆ, ದರ ಇಳಿದದ್ದು ಒಳ್ಳೆಯದೇ, ಆದರೆ ಹೂಡುವಳಿ ತೆರಿಗೆಯ (ಇನ್‌ಪುಟ್ ಟ್ಯಾಕ್ಸ್) ವಾಪಸಾತಿ ಇಲ್ಲ. ಒಂಬೈನೂರರ ಲಾಡ್ಜೂ ಏಳು ಸಾವಿರದ ಬಿಸಿನೆಸ್ ಹೋಟೆಲೂ ತೆರಿಗೆಯ ಕಣ್ಣಿಗೆ ಒಂದೇ.

ನೀರಿನ ಮಾತನ್ನು ಬಿಡುವಂತಿಲ್ಲ. 2024ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಕಾಯುತ್ತಿದ್ದಾಗ, ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದು ಹೊರವಲಯದ 110 ಹಳ್ಳಿಗಳಿಗೆ ನೀರಿನ ಆಸೆ ಹುಟ್ಟಿಸಿದೆ. ಹೋಟೆಲಿನ ವಿಮರ್ಶೆ ಬರೆಯುವವರು ಈಜುಕೊಳದ ನೀಲಿಯನ್ನು ವರ್ಣಿಸುವ ಮೊದಲು ಆ ನೀರು ಎಲ್ಲಿಂದ ಬಂತು ಎಂದು ಕೇಳಲು ಶುರುಮಾಡಿದರೆ ಸಾಕು. ಊಟದ ಬಗ್ಗೆ ಒಂದೇ ಮಾತು: ಆನೇಕಲ್, ಹೊಸಕೋಟೆಯ ರಾಗಿ ಹೊಲಗಳ ಮಗ್ಗುಲಲ್ಲೇ ಇರುವ ಈ ಹೋಟೆಲುಗಳಲ್ಲಿ ರಾಗಿ ಸಿಗುವುದು ಹೆಚ್ಚಾಗಿ ಮಿಲೆಟ್ ಹಬ್ಬದ ವಾರದಲ್ಲಿ, ಕುಕೀಯ ರೂಪದಲ್ಲಿ.

ಮೆಟ್ರೋ ಈ ಆಟದ ನಿಯಮವನ್ನೇ ಬದಲಿಸುವ ಹಾಗಿದೆ. ಗೇಟಿನ ಪಕ್ಕದ ರೂಮಿಗೆ ದುಬಾರಿ ದರ ಬಂದದ್ದು ಟ್ರಾಫಿಕ್ಕಿನ ದೆಸೆಯಿಂದ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿಗೂ, 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರಕ್ಕೂ, 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಬೊಮ್ಮಸಂದ್ರಕ್ಕೂ ಮುಟ್ಟಿದ ಮೇಲೆ ಆ ಕಾರಣ ಸಡಿಲವಾಗಿದೆ. ಎರಡು ಬ್ಯಾಗು ಹಿಡಿದು ಮೆಟ್ರೋ ಇಳಿದು ನಡೆದು ಬರುವ ಅತಿಥಿ ಈಗ ಊಹೆಯಲ್ಲ. ಅವನಿಗೆ ಬೇಕಾದದ್ದು ನಿಲ್ದಾಣದಿಂದ ನಡೆದು ತಲುಪುವ, ಎರಡು ಸಾವಿರ ರೂಪಾಯಿ ಒಳಗಿನ, ಬೆಂಕಿಗೂ ಕಳ್ಳರಿಗೂ ಹೆದರಬೇಕಿಲ್ಲದ ಚೊಕ್ಕ ರೂಮು. ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆಯ ನಡುವೆ ಕ್ವಿನ್ ಸಿಟಿ ಎಂಬ ಹೊಸ ನಗರಕ್ಕೆ ಜಮೀನಿನ ನಕ್ಷೆ ಹಾಕುತ್ತಿರುವ ಸರ್ಕಾರ, ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ಜಾಗ ಗುರುತಿಸುವಾಗ ಇಂಥ ಹೋಟೆಲುಗಳಿಗೆಂದೇ ಕೆಲವು ನಿವೇಶನಗಳನ್ನು ಬೇರೆ ಇಡಲಿ, ಬಾಡಿಗೆಯ ಮಿತಿಯನ್ನು ಹಂಚಿಕೆ ಪತ್ರದಲ್ಲೇ ಬರೆಯಲಿ, ಬೋರ್ಡು ಬದಲಾದರೂ ಆ ಮಿತಿ ಬದಲಾಗದಂತೆ ನೋಡಿಕೊಳ್ಳಲಿ.