ಕಿವಿಯ ಸಾಲು, ಕಣ್ಣಿನ ಸಾಲು

‘ಆಸ್ತಿ’ ಎಂಬ ಪದವನ್ನು ಬಿಡಿಸಿ ನೋಡಿ. ಕಿವಿಗೆ ‘ಆ’ ಆದ ಬಳಿಕ ಮೊದಲು ಸಕಾರ, ಆಮೇಲೆ ತಕಾರ, ಕೊನೆಗೆ ಇಕಾರ. ಕಣ್ಣಿಗೆ ಕಾಣುವುದೇ ಬೇರೆ: ಗುಡಿಸು ಸಕಾರದ ತಲೆಯ ಮೇಲೆ, ತಕಾರ ಅದರ ಬುಡದಲ್ಲಿ. ಆದರೂ ಓದುವವರು ಎಡವುವುದಿಲ್ಲ. ಒತ್ತಕ್ಷರದ ಈ ಜಾಣ್ಮೆ ಮೆಚ್ಚತಕ್ಕದ್ದೇ.

ಪುಣೆಯ ಕನ್ನಡಿಗರ ಕಣ್ಣಿಗೆ ಎರಡು ಲಿಪಿಗಳ ಕೆಲಸ. ಮರಾಠಿ ಬೋರ್ಡುಗಳ ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬಂದು ನಿಲ್ಲುತ್ತದೆ; ಉಚ್ಚಾರ ಮಾತ್ರ ಆಮೇಲೆ. ಅದೇ ಲಿಪಿಯ ಇಂಥ ಹಿಂದಿ ಪದಗಳನ್ನು ಓದಿ ಹೇಳಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆಂದು ಸಂಶೋಧಕರಾದ ಜ್ಯೋತ್ಸ್ನಾ ವೈದ್ ಮತ್ತು ಅಶುಮ್ ಗುಪ್ತಾ 2002ರಲ್ಲಿ ತೋರಿಸಿದರು. ಕನ್ನಡಕ್ಕೆ ಆ ತೊಡಕಿಲ್ಲ. ಆದರೆ ‘ಸೂರ್ಯ’ದ ಅರ್ಕಾವೊತ್ತು ಇದೆಯಲ್ಲ, ಮೊದಲು ನುಡಿದು ಆಮೇಲೆ ಬರೆಯುವಂಥದ್ದು!

ಕೇಳುವವರಿಗೆ ಓದುವವರಂತೆ ಹಿಂತಿರುಗಿ ನೋಡುವ ಅನುಕೂಲವಿಲ್ಲ. ‘ಕತೆ’ಯೋ ‘ಕತ್ತೆ’ಯೋ ಎಂಬುದನ್ನು ನಾಲಿಗೆ ತಕಾರದಲ್ಲಿ ಎಷ್ಟು ಹೊತ್ತು ತಡೆದು ನಿಂತಿತು ಎಂಬುದರಿಂದಲೇ ಕಿವಿ ತೀರ್ಮಾನಿಸಬೇಕು.

ಕಿವಿ, ಕಣ್ಣುಗಳ ಈ ಎರಡು ಸಾಲುಗಳ ಲೆಕ್ಕವನ್ನು ಗಣಕಕ್ಕೆ ಕಲಿಸಿದ್ದರಲ್ಲಿ ಪುಣೆಯ ಪಾಲು ದೊಡ್ಡದು. 1988ರಲ್ಲಿ ಇಲ್ಲಿ ಶುರುವಾದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್, ಕಾನ್ಪುರದ ಐಐಟಿಯಲ್ಲಿ ಹುಟ್ಟಿದ, ಭಾರತೀಯ ಲಿಪಿಗಳಿಗಾಗಿನ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿತು. ಅದರ ಸೂತ್ರ ಸೊಗಸಾಗಿದೆ: ಒಳಗೆ ದಾಸ್ತಾನು ನುಡಿಯುವ ಕ್ರಮದಲ್ಲಿ, ಪರದೆಯ ಮೇಲೆ ಜೋಡಣೆ ಆಯಾ ಲಿಪಿಯ ಕ್ರಮದಲ್ಲಿ. ಭಾರತೀಯ ಲಿಪಿಗಳ ಸಂಕೇತಗಳನ್ನು ಗೊತ್ತುಪಡಿಸಿದ 1991ರ ಇಸ್ಕಿ ಮಾನಕದ್ದೂ ಇದೇ ದಾರಿ. ಇಂದು ಮೊಬೈಲಿನ ಯೂನಿಕೋಡ್ ಕನ್ನಡವೂ ಅದೇ ಕ್ರಮದಲ್ಲಿ ದಾಖಲಾಗುತ್ತದೆ.