ಹಲಗಲಿಯ ಲಾವಣಿಯೂ ವಧದಂಡದ ವಿಚಾರವೂ

ಕೃಷ್ಣಾತೀರದ ಗಲಗಲಿಯ ಸೀಮೆಗೆ ಹಲಗಲಿಯ ಬೇಡರ ಲಾವಣಿಯು ಹೊಸದಲ್ಲ. 1857ರಲ್ಲಿ ಆಯುಧಗಳನ್ನೊಪ್ಪಿಸಬೇಕೆಂಬ ಆಂಗ್ಲ ಸರಕಾರದ ಆಜ್ಞೆಯನ್ನು ಬೇಡರು ಧಿಕ್ಕರಿಸಲು, ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಡಿಸೆಂಬರಿನಲ್ಲಿ ಗಲ್ಲಿಗೇರಿದರು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಈ ಲಾವಣಿಯನ್ನು ವೀರರಸಕ್ಕಾಗಿ ಹೊಗಳುವುದು ವಾಡಿಕೆ. ಆದರೆ ಕವಿಯ ಹೃದಯವು ಕಾಣುವುದು ಸುಲಿಗೆಯ ವರ್ಣನೆಯಲ್ಲಿ. ಬೆಣ್ಣೆ, ಅರಿಷಿಣ, ಬೀಸುಕಲ್ಲು, ಕಡೆಗೆ ಮಂಗಳಸೂತ್ರವನ್ನೂ ಅವನು ಎಣಿಸುವನು. ಗಂಡಸರ ಮೇಲಿನ ದಂಡವು ಒಲೆಯವರೆಗೂ ಬಂದಿತೆಂಬುದೇ ಇಲ್ಲಿಯ ಧ್ವನಿ.

ಮಹಾಭಾರತದ ಶಾಂತಿಪರ್ವದಲ್ಲಿ ಸತ್ಯವಂತನು ತಂದೆಯಾದ ದ್ಯುಮತ್ಸೇನನೊಡನೆ ಇದನ್ನೇ ವಾದಿಸಿರುವನು: ದಸ್ಯುವನ್ನು ಕೊಂದರೆ ನಿರಪರಾಧಿಗಳಾದ ಹೆಂಡತಿ, ತಾಯಿ, ಮಕ್ಕಳನ್ನೂ ಕೊಂದಂತೆ. ತಂದೆಯ ಉತ್ತರವೂ ಹಗುರವಲ್ಲ: ಪೂರ್ವದಲ್ಲಿ ಧಿಕ್ಕಾರವೇ ಸಾಕಾಗುತ್ತಿತ್ತು; ಈಗ ವಧದಿಂದಲೂ ಕೆಲವರು ಅಡಗರು; ದಂಡವಿಲ್ಲದಿದ್ದರೆ ಸಾಧುಗಳನ್ನು ಕಾಯುವವರಾರು?

1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಉಳಿಸಿ, ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಸೀಮಿತಗೊಳಿಸಿತು. ಐವರಲ್ಲಿ ನ್ಯಾಯಮೂರ್ತಿ ಭಗವತಿಯವರೊಬ್ಬರು ಒಪ್ಪಲಿಲ್ಲ.

ಬಂಡೆದ್ದವರ ನಿದರ್ಶನವು ಕೊಲೆಗಡುಕನಿಗೆ ಸಲ್ಲದೆಂಬ ಆಕ್ಷೇಪವು ಯುಕ್ತವೇ. ಆದರೆ ಇಬ್ಬರಿಗೂ ತೀರ್ಪು ಕೊಡುವವನು ಮನುಷ್ಯನು. ಅಂದು ಅಪರಾಧಿಗಳೆನಿಸಿದ ಹಲಗಲಿಯವರು ಇಂದು ವೀರರೆನಿಸಿರುವರು. ತೀರ್ಪನ್ನು ಕಾಲವು ತಿದ್ದಿತು, ಗಲ್ಲನ್ನು ತಿದ್ದಲಾಗಲಿಲ್ಲ. ಸಾಧುರಕ್ಷಣೆಗೆ ಸೆರೆಮನೆಯು ಸಾಕಾಗುವಲ್ಲಿ ಹಗ್ಗವೇಕೆಂಬ ಪ್ರಶ್ನೆಗೆ ದ್ಯುಮತ್ಸೇನನ ಪಕ್ಷದವರು ಉತ್ತರಿಸಬೇಕಾಗಿದೆ. ಲಾವಣಿಯಾದರೋ ಆ ಬೀಸುಕಲ್ಲನ್ನು ಇಂದಿಗೂ ಎಣಿಸುತ್ತಲೇ ಇರುವುದು.