ಸೆರಗಿನ ಸಲೀಸು

2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬಂದ ಟ್ರಾನ್ಸ್ ಮಹಿಳೆ, ಜನಪದ ಕಲಾವಿದೆ ಮಂಜಮ್ಮ ಜೋಗತಿ, ಸೆರಗು ಹಿಡಿದು ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ಪ್ರಶಸ್ತಿಗಿಂತ ನನಗೆ ಹಿಡಿಸಿದ್ದು ಆ ಸೆರಗಿನ ಸಲೀಸು. ಅದು ಸುಮ್ಮನೆ ಬರುವುದಿಲ್ಲ. ಟ್ರಾನ್ಸ್ ಮಹಿಳೆಯರಿಗೆ ನೆರಿಗೆ ಹಿಡಿಯಲು ಕಲಿಸುವ ತಾಯಿ ಬಹಳ ಸಲ ಜೊತೆಗಿರುವುದಿಲ್ಲ. ಗುರುವೋ ಗೆಳತಿಯೋ ಹೇಳಿಕೊಡಬೇಕು.

ಹಾಗೆ ಹೇಳಿಕೊಡುವುದಾದರೆ, ಅಗಲ ಭುಜಕ್ಕೆ ದಟ್ಟ ಬಣ್ಣದ, ಮೊಣಕೈವರೆಗೆ ತೋಳಿರುವ ರವಿಕೆ ಒಪ್ಪುತ್ತದೆ. ಬುಗ್ಗೆ ತೋಳು ಬೇಡವೇ ಬೇಡ. ಗಂಜಿ ಹಾಕಿದ ಹತ್ತಿ ಸೀರೆ ಉಬ್ಬಿ ನಿಂತು ಹೊಸಬರನ್ನು ಕಾಡುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯೋ, ತನ್ನ ತೂಕಕ್ಕೇ ಇಳಿಬಿದ್ದು ನೆರಿಗೆ ಕೂರಿಸುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ. ಅದಕ್ಕೇ ಮೊದಲು ಸಾದಾ ಸೀರೆಯಲ್ಲಿ ಕೈ ಪಳಗಿಸಿಕೊಂಡು, ಮೊಳಕಾಲ್ಮೂರನ್ನು ಹಬ್ಬಕ್ಕೆಂದು ಕೊಳ್ಳುವುದು ಜಾಣತನ.